ಮಾಸೀ ಫರ್ಗ್ಯುಸನ್ 135ಕ್ಕೆ 35ರ ಗೇರ್ ಲಿವರ್ ಭಾಗಗಳು ಹೊಂದುತ್ತವೆಯೇ? – ಅನುಭವ ಹಂಚಿಕೆ

ಕೇಳಿದವರು:

ನನ್ನ ಬಳಿ ಇರುವುದು ಆರು ಮುಂದಿನ ಗೇರ್ ಮತ್ತು ಎರಡು ಹಿಂದಿನ ಗೇರ್ ಇರುವ ಮಾಸೀ ಫರ್ಗ್ಯುಸನ್ 135 ಟ್ರ್ಯಾಕ್ಟರ್. ಅದರ ಗೇರ್ ಲಿವರ್ ಬುಡದಲ್ಲಿ ಸಡಿಲವಾಗಿ ಎಲ್ಲ ದಿಕ್ಕಿಗೂ ಅಲ್ಲಾಡುತ್ತದೆ. ಗೇರ್ ಬದಲಿಸುವಾಗ ಒಮ್ಮೊಮ್ಮೆ ಒಳಗಿನ ಕಚ್ಚಿನಿಂದ ಜಾರಿ, ಯಾವ ಗೇರಿಗೂ ಸಿಗದೆ ತೂಗಾಡುತ್ತದೆ. ಇದಲ್ಲದೆ, ನೇಗಿಲು ಎಳೆಯುವಾಗ ಎರಡನೆಯ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಬರುತ್ತದೆ. ಎಂಜಿನ್ ಜಾಮ್ ಆಗಿ ಮೂಲೆ ಸೇರಿರುವ ಮಾಸೀ ಫರ್ಗ್ಯುಸನ್ 35 ಒಂದು ನನಗೆ ಸಿಕ್ಕಿದೆ. ಅದರ ಗೇರ್‌ಬಾಕ್ಸ್ ಚೆನ್ನಾಗಿರುವಂತೆ ತೋರುತ್ತದೆ. ಅದರ ಲಿವರನ್ನು ಮಾತ್ರ ತೆಗೆದು ಹಾಕಬಹುದೇ, ಅಥವಾ ಲಿವರ್ ಸರಿಸುವ ಒಳಗಿನ ರಾಡ್ ಮತ್ತು ಅದರೊಂದಿಗೆ ಗೇರನ್ನು ಸರಿಸುವ ಫೋರ್ಕ್‌ಗಳನ್ನೂ ಬದಲಿಸಬೇಕೇ? ಇಂಥ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಹಳೆಯ ಟ್ರ್ಯಾಕ್ಟರುಗಳ ದುರಸ್ತಿ ಮಾಡುವವರೊಬ್ಬರು:

ತಾವು ಎರಡು ತೊಂದರೆಗಳನ್ನು ಒಂದೇ ಪ್ರಶ್ನೆಯಲ್ಲಿ ಕೇಳಿದ್ದೀರಿ. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ. ಲಿವರ್ ಅಲ್ಲಾಡುವುದು ಮತ್ತು ಕಚ್ಚಿನಿಂದ ಜಾರುವುದು ಲಿವರಿಗೆ ಸಂಬಂಧಪಟ್ಟ ಸವೆತ. ಭಾರ ಬಿದ್ದಾಗ ಗೇರ್ ಬಿಟ್ಟುಕೊಳ್ಳುವುದಕ್ಕೆ ಕಾರಣ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಮೊದಲನೆಯದಕ್ಕೆ ಬೇರೆ ಟ್ರ್ಯಾಕ್ಟರಿನ ಭಾಗ ತಂದು ಹಾಕಿ, ಎರಡನೆಯದೂ ಸರಿಹೋಗಲಿಲ್ಲವೆಂದು ಆ ಭಾಗವನ್ನೇ ದೂರುವವರನ್ನು ಸಾಕಷ್ಟು ನೋಡಿದ್ದೇನೆ.

35 ಎಂಬ ಹೆಸರಿನಲ್ಲಿ ಬಂದ ಟ್ರ್ಯಾಕ್ಟರುಗಳೆಲ್ಲವೂ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1956ರಲ್ಲಿ ಫರ್ಗ್ಯುಸನ್ ಎಫ್‌ಇ 35 ಎಂದು ಬಂದ ಮಾದರಿಯೇ ಮುಂದೆ ಮಾಸೀ ಫರ್ಗ್ಯುಸನ್ 35 ಆಯಿತು. ಅದರ ಡೀಸೆಲ್ ಎಂಜಿನ್ ಮೊದಲು ಸ್ಟ್ಯಾಂಡರ್ಡ್ ಕಂಪನಿಯ ನಾಲ್ಕು ಸಿಲಿಂಡರಿನದಾಗಿತ್ತು, ಬಳಿಕ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನದು ಬಂತು. 135 ಹೊರಬಂದದ್ದು 1964ರಲ್ಲಿ. ಆರು ಗೇರಿನ ಮಾದರಿಗಳಲ್ಲಿ ಎರಡರ ಏರ್ಪಾಟೂ ಒಂದೇ ಬಗೆಯದು: ಮುಖ್ಯ ಪೆಟ್ಟಿಗೆಯಲ್ಲಿ ಮೂರು ಮುಂದಿನ ಗೇರ್ ಮತ್ತು ಒಂದು ಹಿಂದಿನ ಗೇರ್, ಅದರ ಹಿಂದೆ ವೇಗದ (ಹೈ) ಮತ್ತು ನಿಧಾನದ (ಲೋ) ಹಂತ ಕೊಟ್ಟು ಅವನ್ನು ಇಮ್ಮಡಿಸುವ ಹೈ-ಲೋ ಘಟಕ, ಅದಕ್ಕೆ ಬೇರೆಯೇ ಲಿವರ್. ಈ ಹೋಲಿಕೆಯೇ ಆಸೆ ಹುಟ್ಟಿಸುವುದು. ಆದರೆ 135 ಎಂಟು ಗೇರಿನ ಪೆಟ್ಟಿಗೆಯೊಂದಿಗೂ, ಮಲ್ಟಿ-ಪವರ್ (ಓಡುತ್ತಿರುವಾಗಲೇ ವೇಗದ ಹಂತ ಬದಲಿಸುವ ಏರ್ಪಾಟು) ಸೇರಿ 12 ಮುಂದಿನ ಹಾಗೂ 4 ಹಿಂದಿನ ಗೇರುಗಳೊಂದಿಗೂ ಮಾರಾಟವಾಗಿದೆ. ಆದ್ದರಿಂದ ತಾವು ಬಾನೆಟ್ ಮೇಲಿನ ಹೆಸರನ್ನು ಬಿಟ್ಟು, ಎರಡೂ ಟ್ರ್ಯಾಕ್ಟರುಗಳ ಸೀರಿಯಲ್ ನಂಬರನ್ನು ಬರೆದುಕೊಂಡು ಬಿಡಿಭಾಗಗಳ ಪುಸ್ತಕವನ್ನು ತೆರೆಯಬೇಕು. ಆ ಪುಸ್ತಕಗಳಲ್ಲಿ ಒಂದೇ ಭಾಗಕ್ಕೆ ‘ಇಂಥ ನಂಬರಿನವರೆಗೆ’, ‘ಇಂಥ ನಂಬರಿನಿಂದ ಮುಂದೆ’ ಎಂದು ಬೇರೆ ಬೇರೆ ಪಾರ್ಟ್ ನಂಬರ್ ಕೊಟ್ಟಿರುತ್ತಾರೆ. ಎರಡೂ ಯಂತ್ರಗಳಿಗೆ ಒಂದೇ ಪಾರ್ಟ್ ನಂಬರ್ ಸಿಕ್ಕಿದರೆ ಅರ್ಧ ಚಿಂತೆ ಅಲ್ಲಿಗೇ ಮುಗಿಯುತ್ತದೆ. ಹಳೆಯ ನಂಬರಿನ ಬದಲಿಗೆ ಹೊಸದನ್ನು ಸೂಚಿಸಿರುವುದೂ ಉಂಟು. ಹಾಗಿದ್ದರೆ ಹೊಸ ನಂಬರನ್ನೇ ಹೋಲಿಸಬೇಕು.

ಎರಕದಲ್ಲಿ ಉಬ್ಬಿ ಮೂಡಿರುವ ಅಂಕಿಯನ್ನು ಪಾರ್ಟ್ ನಂಬರ್ ಎಂದು ತಿಳಿಯುವುದು ಬಹಳ ಸಾಮಾನ್ಯವಾದ ತಪ್ಪು. ಅದು ಎರಕದ ಅಚ್ಚಿನ ಗುರುತು ಮಾತ್ರ. ಒಂದೇ ಅಚ್ಚಿನಿಂದ ತೆಗೆದ ಎರಡು ಕವರುಗಳಿಗೆ (ಲಿವರ್ ಕೂರುವ, ಗೇರ್ ಪೆಟ್ಟಿಗೆಯ ಮೇಲಿನ ಮುಚ್ಚಳಗಳಿಗೆ) ಬೇರೆ ಬೇರೆ ಕಡೆ ತೂತು ಕೊರೆದು, ಬೇರೆ ಬೇರೆ ಅಳತೆಗೆ ಕಡೆದು, ಎರಡು ಮಾದರಿಗಳಿಗೆ ಹಾಕಿರಬಹುದು.

ಇನ್ನು ಭಾಗಗಳ ವಿಚಾರ. ಲಿವರಿನ ಹಿಡಿ, ರಬ್ಬರ್ ಬೂಟು, ಲಿವರಿನ ಗೋಳವನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮುಂತಾದ ಮೇಲಿನ ಭಾಗಗಳನ್ನು ಅದಲುಬದಲು ಮಾಡಿ ನೋಡುವುದರಿಂದ ದೊಡ್ಡ ಹಾನಿಯೇನೂ ಇಲ್ಲ. ಲಿವರನ್ನೇ ಬದಲಿಸುವುದಾದರೆ ನಾಲ್ಕು ಅಳತೆಗಳು ಬೇಕು: ಗೋಳದ ವ್ಯಾಸ, ಗೋಳದ ನಡುವಿನಿಂದ ಕೆಳತುದಿಯವರೆಗಿನ ಉದ್ದ, ಕೆಳತುದಿಯ ದಪ್ಪ, ಮತ್ತು ಲಿವರ್ ತನ್ನಷ್ಟಕ್ಕೆ ತಿರುಗದಂತೆ ತಡೆಯುವ ಪಿನ್ನಿನ ಜಾಗ. ಇವುಗಳಲ್ಲಿ ಗೋಳದಿಂದ ತುದಿಯವರೆಗಿನ ಉದ್ದವನ್ನು ಹೆಚ್ಚಿನವರು ಅಳೆಯುವುದೇ ಇಲ್ಲ. ಅದು ಸ್ವಲ್ಪ ಕಡಿಮೆಯಾದರೂ ತುದಿಯು ರಾಡಿನ ಕಚ್ಚಿನೊಳಗೆ ಪೂರ್ತಿ ಇಳಿಯದೆ, ಈಗ ತಮಗಿರುವ ತೊಂದರೆಯೇ ಹೊಸ ಲಿವರಿನಲ್ಲಿಯೂ ಮುಂದುವರಿಯುತ್ತದೆ; ಹೆಚ್ಚಾದರೆ ತುದಿಯು ತಳಕ್ಕೆ ತಾಗಿ, ಕವರ್ ತನ್ನ ಜಾಗದಲ್ಲಿ ಕೂರುವುದಿಲ್ಲ. ಕವರ್ ಕೂರದಿದ್ದಾಗ ಬೋಲ್ಟ್ ಬಿಗಿದು ಕೂರಿಸಲು ಹೋಗುವುದು ಎರಕವನ್ನು ಸೀಳುವ ನೇರ ದಾರಿ. ಕವರಿನ ಕೆಳಗೆ ಹಿಂದಿನವರು ದಪ್ಪ ಪ್ಯಾಕಿಂಗ್ ಹಾಕಿದ್ದರೆ ಅಷ್ಟು ದಪ್ಪವೂ ಈ ಲೆಕ್ಕಕ್ಕೆ ಸೇರುತ್ತದೆ.

ರಾಡ್ ಮತ್ತು ಫೋರ್ಕ್‌ಗಳ ಮಟ್ಟಕ್ಕೆ ಇಳಿದರೆ ನನ್ನ ಸಲಹೆ ಒಂದೇ: ಇವುಗಳನ್ನು ಬಿಡಿಬಿಡಿಯಾಗಿ ಬೆರೆಸಬಾರದು. ಫೋರ್ಕಿನ ತೂತಿನಿಂದ ಅದರ ಕಾಲಿನವರೆಗಿನ ದೂರ, ರಾಡಿನ ಮೇಲಿನ ಗುಳಿಗಳ ನಡುವಿನ ಅಂತರ, ಫೋರ್ಕ್ ಕೂರುವ ಗೇರಿನ ತೋಡಿನ ಅಗಲ ಇವೆಲ್ಲ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವು. ಗುಳಿಯ ಅಂತರದಲ್ಲಿ ವ್ಯತ್ಯಾಸವಿದ್ದರೆ, ಸ್ಪ್ರಿಂಗಿನಿಂದ ಒತ್ತಲ್ಪಡುವ ಗುಂಡು ಗುಳಿಯಲ್ಲಿ ಸರಿಯಾಗಿ ಕುಳಿತು ಕೈಗೆ ‘ಟಕ್’ ಎಂದು ತಿಳಿದರೂ, ಒಳಗೆ ಗೇರಿನ ಹಲ್ಲುಗಳು ಅಗಲದಲ್ಲಿ ಅರ್ಧ ಮಾತ್ರ ಕಚ್ಚಿಕೊಂಡಿರುತ್ತವೆ. ಅರ್ಧ ಕಚ್ಚಿದ ಹಲ್ಲಿನ ಮೇಲೆ ಪೂರ್ತಿ ಭಾರ ಬಿದ್ದರೆ ಹಲ್ಲಿನ ತುದಿ ಮುರಿಯುತ್ತದೆ, ಮುರಿದ ಚೂರು ಎಣ್ಣೆಯಲ್ಲಿ ತಿರುಗಿ ಬೇರಿಂಗ್‌ಗಳಿಗೆ ಹೋಗುತ್ತದೆ. ಬದಲಿಸಲೇಬೇಕೆಂದರೆ ರಾಡ್, ಫೋರ್ಕ್, ಅದರ ತಡೆ ಸ್ಕ್ರೂ, ಗುಂಡು, ಸ್ಪ್ರಿಂಗ್ ಎಲ್ಲವನ್ನೂ ಒಂದು ಜೋಡಣೆಯಾಗಿಯೇ, ಅದೂ ಪಾರ್ಟ್ ನಂಬರ್ ಹೊಂದಿದರೆ ಮಾತ್ರ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಬೇಕು.

ಎರಡು ರಾಡುಗಳ ನಡುವೆ ಒಂದು ಚಿಕ್ಕ ಪಿನ್ ಅಥವಾ ಗುಂಡು ಇರುತ್ತದೆ. ಒಂದು ರಾಡ್ ಸರಿದಾಗ ಇನ್ನೊಂದನ್ನು ಕಟ್ಟಿಹಾಕುವುದು ಅದರ ಕೆಲಸ. ಬಿಚ್ಚುವಾಗ ಅದು ಜಾರಿ ಪೆಟ್ಟಿಗೆಯ ತಳಕ್ಕೆ ಬೀಳುವುದು ಸುಲಭ, ಜೋಡಿಸುವಾಗ ಮರೆಯುವುದು ಇನ್ನೂ ಸುಲಭ. ಅದಿಲ್ಲದ ಪೆಟ್ಟಿಗೆಯಲ್ಲಿ ಎರಡು ಗೇರುಗಳು ಒಟ್ಟಿಗೆ ಬಿದ್ದು ಟ್ರ್ಯಾಕ್ಟರ್ ನಿಂತಲ್ಲೇ ಕಟ್ಟಿಹಾಕಿದಂತಾಗುತ್ತದೆ. 35ನ್ನು ಬಿಚ್ಚುವಾಗ ಈ ಚಿಕ್ಕ ಭಾಗ ಎಲ್ಲಿ, ಯಾವ ದಿಕ್ಕಿನಲ್ಲಿತ್ತು ಎಂಬುದರ ಫೋಟೋ ತೆಗೆದುಕೊಳ್ಳಿ.

ಲೇತ್ ಮತ್ತು ವೆಲ್ಡಿಂಗ್ ಕೆಲಸದವರೊಬ್ಬರು:

ಮೇಲಿನವರ ಮಾತು ಸರಿಯಾಗಿದೆ. ಆದರೆ ಲಿವರಿಗಾಗಿ ಇನ್ನೊಂದು ಟ್ರ್ಯಾಕ್ಟರನ್ನು ಬಿಚ್ಚುವ ಅಗತ್ಯವೇ ನನಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಸವೆಯುವುದು ಲಿವರಿನ ಕೆಳತುದಿ ಮತ್ತು ಗೋಳ ಕೂರುವ ಬಟ್ಟಲು. ತುದಿಗೆ ವೆಲ್ಡಿಂಗ್ ತುಂಬಿ, ಅರದಿಂದ ಉಜ್ಜಿ, ರಾಡಿನ ಕಚ್ಚಿನಲ್ಲಿ ಸಲೀಸಾಗಿ ಜಾರುವಷ್ಟು ಮಾತ್ರ ಸಡಿಲ ಬಿಟ್ಟರೆ ಹಳೆಯ ಲಿವರೇ ಬಹಳ ಕಾಲ ಬರುತ್ತದೆ. ವೆಲ್ಡ್ ಮಾಡಿದ ಕೂಡಲೇ ನೀರಿಗೆ ಅದ್ದಬಾರದು. ಗಡುಸಾಗಿ ಚಟಕ್ಕನೆ ಮುರಿಯುವ ತುದಿ ಪೆಟ್ಟಿಗೆಯೊಳಗೆ ಬಿದ್ದರೆ ಉಳಿತಾಯವೆಲ್ಲ ಅಲ್ಲಿಗೆ ಹೋಯಿತು. ತಾನಾಗಿ ಆರಲು ಬಿಡಬೇಕು. ಲಿವರನ್ನು ಕಳಚಿ, ಟ್ರ್ಯಾಕ್ಟರಿನಿಂದ ದೂರವಿಟ್ಟು ವೆಲ್ಡ್ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲವೆಂದುಕೊಂಡಿದ್ದೇನೆ.

ತುಂಬುವ ಮುನ್ನ 35ರ ಲಿವರನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅದನ್ನು ಅಳತೆಗೆ ಬಳಸಬಹುದು. ಆದರೆ ಅದೂ ಅಷ್ಟೇ ಹಳೆಯದು. ಅದರ ತುದಿಯ ದಪ್ಪಕ್ಕಿಂತ ತಮ್ಮ ರಾಡಿನ ಕಚ್ಚಿನ ಅಗಲವನ್ನೇ ನಂಬುವುದು ಲೇಸು. ಕಚ್ಚಿನ ಬದಿಗಳೂ ದುಂಡಗಾಗಿದ್ದರೆ ಲಿವರಿನ ತುದಿಯೊಂದನ್ನೇ ದಪ್ಪ ಮಾಡಿ ಪ್ರಯೋಜನವಿಲ್ಲ. ಗುಂಡಿನ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುವ ಪದ್ಧತಿಯೊಂದಿದೆ, ಅದು ಕೆಲವೇ ದಿನಗಳ ಮಾತು. ಬಿಗಿಯಾದ ಬೇರೆ ಸ್ಪ್ರಿಂಗ್ ಹಾಕಿದರೆ ಗೇರ್ ಬದಲಿಸುವುದು ಕಷ್ಟವಾಗುತ್ತದೆ, ಫೋರ್ಕಿನ ಮೇಲೆ ಒತ್ತಡವೂ ಹೆಚ್ಚುತ್ತದೆ.

ಫೋರ್ಡ್ 8ಎನ್ ಇಟ್ಟುಕೊಂಡಿರುವವರೊಬ್ಬರು:

ನನ್ನ ಅನುಭವ ಬೇರೆ ಕಂಪನಿಯದಾದರೂ ವಿಷಯಕ್ಕೆ ಹತ್ತಿರವಾದದ್ದೆಂದು ಬರೆಯುತ್ತಿದ್ದೇನೆ. ಫೋರ್ಡ್ 9ಎನ್ 1939ರಲ್ಲಿ, 2ಎನ್ 1942ರಲ್ಲಿ, 8ಎನ್ 1947ರಲ್ಲಿ ಬಂದವು. ದೂರದಿಂದ ನೋಡಿದವರಿಗೆ ಮೂರೂ ಒಂದೇ. ಆದರೆ ಮೊದಲಿನ ಎರಡರಲ್ಲಿ ಇರುವುದು ಮೂರು ಮುಂದಿನ ಗೇರಿನ, ಗೇರೇ ಸರಿದು ಕಚ್ಚಿಕೊಳ್ಳುವ ಪೆಟ್ಟಿಗೆ. 8ಎನ್‌ನಲ್ಲಿ ಇರುವುದು ನಾಲ್ಕು ಮುಂದಿನ ಗೇರಿನ, ಗೇರುಗಳು ಸದಾ ಕೂಡಿಯೇ ಇರುವ ಪೆಟ್ಟಿಗೆ. 2ಎನ್‌ನ ರಾಡ್ ಮತ್ತು ಫೋರ್ಕ್‌ಗಳನ್ನು 8ಎನ್‌ಗೆ ತರುವ ಮಾತೇ ಇಲ್ಲ. ಹೊರಗಿನ ಹೋಲಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸ್ಟಾರ್ಟರಿನ ತಡೆಯ ಬಗ್ಗೆ. ಆ ಕಾಲದ ಟ್ರ್ಯಾಕ್ಟರುಗಳಲ್ಲಿ ಗೇರ್ ಲಿವರ್ ಕೇವಲ ಗೇರ್ ಬದಲಿಸುವ ಸಾಧನವಲ್ಲ. ಫರ್ಗ್ಯುಸನ್ ಟಿಇ 20ರಲ್ಲಿ ಗೇರ್ ಲಿವರನ್ನೇ ‘ಎಸ್’ ಗುರುತಿನ ಕಡೆಗೆ ಒತ್ತಿದರೆ ಸ್ಟಾರ್ಟರ್ ತಿರುಗುತ್ತದೆ, ಹಾಗಾಗಿ ಗೇರಿನಲ್ಲಿದ್ದಾಗ ಎಂಜಿನ್ ಹೊರಡಿಸಲು ಸಾಧ್ಯವೇ ಇಲ್ಲ. 8ಎನ್‌ನಲ್ಲಿ ಸ್ಟಾರ್ಟರ್ ಗುಂಡಿ ಗೇರ್ ಲಿವರಿನ ಪಕ್ಕದಲ್ಲೇ ಇದ್ದು, ನ್ಯೂಟ್ರಲ್‌ನಲ್ಲಿ ಮಾತ್ರ ಕೆಳಗಿಳಿಯುತ್ತದೆ. ತಮ್ಮ 135ರಲ್ಲಿ ಹೈ-ಲೋ ಲಿವರ್ ನಡುವಿನ ಸ್ಟಾರ್ಟ್ ಸ್ಥಾನದಲ್ಲಿದ್ದರೆ ಮಾತ್ರ ಸ್ವಿಚ್ ಕೂಡುತ್ತದೆ. ಆದ್ದರಿಂದ ಕವರ್ ಅಥವಾ ಹೈ-ಲೋ ಲಿವರ್ ಬದಲಿಸಿದರೆ, ಹೊಸದಾಗಿ ಬಂದ ಭಾಗ ಈ ಸ್ವಿಚ್ಚನ್ನು ಸರಿಯಾದ ಸ್ಥಾನದಲ್ಲಿ ಮಾತ್ರ ಒತ್ತುತ್ತದೆಯೇ ಎಂದು ಪರೀಕ್ಷಿಸಲೇಬೇಕು. ಸ್ವಿಚ್ ಹೊಂದಲಿಲ್ಲವೆಂದು ತಂತಿಗಳನ್ನು ನೇರವಾಗಿ ಕೂಡಿಸುವವರಿದ್ದಾರೆ. ಕೆಳಗೆ ನಿಂತು ಸ್ಟಾರ್ಟ್ ಮಾಡುವಾಗ ಗೇರಿನಲ್ಲಿರುವ ಟ್ರ್ಯಾಕ್ಟರ್ ಮೈಮೇಲೆ ಹತ್ತುವುದು ಹಾಗೆ ಮಾಡಿದ ಯಂತ್ರಗಳಲ್ಲಿಯೇ.

ಫಾರ್ಮಾಲ್ ಎಚ್ ಇರುವವರೊಬ್ಬರು:

ಒಂದು ಚಿಕ್ಕ ಸೇರ್ಪಡೆ. 1939ರಿಂದ ಬಂದ ಫಾರ್ಮಾಲ್ ಎಚ್ ಮತ್ತು ಎಂ ಮಾದರಿಗಳಲ್ಲಿ ಐದು ಮುಂದಿನ ಗೇರುಗಳಿದ್ದು, ಐದನೆಯದು ರಸ್ತೆಯ ವೇಗಕ್ಕೆಂದು ಇರುವಂಥದು. ಕಬ್ಬಿಣದ ಚಕ್ರಗಳೊಂದಿಗೆ ಮಾರಿದ ಯಂತ್ರಗಳಲ್ಲಿ ಆ ವೇಗ ಅಪಾಯವೆಂದು ಐದನೆಯ ಗೇರ್ ಬೀಳದಂತೆ ತಡೆ ಹಾಕಿಯೇ ಕಳುಹಿಸುತ್ತಿದ್ದರು. ಅಂಥ ಟ್ರ್ಯಾಕ್ಟರಿಗೆ ಮುಂದೆ ಯಾರೋ ರಬ್ಬರ್ ಟಯರ್ ಹಾಕಿಸಿರುತ್ತಾರೆ, ಒಳಗಿನ ತಡೆ ಹಾಗೆಯೇ ಉಳಿದಿರುತ್ತದೆ. ಅದರ ಭಾಗಗಳನ್ನು ತಂದು ಜೋಡಿಸಿದವರು ಐದನೆಯ ಗೇರ್ ಏಕೆ ಬೀಳುತ್ತಿಲ್ಲವೆಂದು ಪೆಟ್ಟಿಗೆಯನ್ನೆಲ್ಲ ಹುಡುಕುತ್ತಾರೆ. ಭಾಗ ಕೊಡುವ ಟ್ರ್ಯಾಕ್ಟರಿನಲ್ಲಿ ಎಲ್ಲ ಗೇರುಗಳೂ ಬೀಳುತ್ತವೆಯೇ ಎಂದು ಬಿಚ್ಚುವ ಮೊದಲೇ ನೋಡಿಕೊಳ್ಳಬೇಕು. ಎಂಜಿನ್ ಜಾಮ್ ಆಗಿದ್ದರೂ ಕ್ಲಚ್ ಒತ್ತಿ, ಹಿಂದಿನ ಚಕ್ರವೊಂದನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸುತ್ತ ಇದನ್ನು ಪರೀಕ್ಷಿಸಬಹುದು. ಟ್ರ್ಯಾಕ್ಟರಿನ ಕೆಳಗೆ ಗಟ್ಟಿಯಾದ ಆಧಾರ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡ ಇಟ್ಟಿರಬೇಕು.

ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಬಿಡಿಭಾಗಗಳ ಪುಸ್ತಕದಲ್ಲಿ ನೋಡಿ, ಲಿವರನ್ನು ಹೊರತೆಗೆದು ಅಳೆದಿದ್ದೇನೆ. ತುದಿ ಒಂದು ಬದಿಯಲ್ಲಿ ಓರೆಯಾಗಿ ಸವೆದಿದೆ, ರಾಡುಗಳ ಕಚ್ಚು ಚೆನ್ನಾಗಿಯೇ ಇದೆ. ರಬ್ಬರ್ ಬೂಟು ಹರಿದು ಮಳೆನೀರು ಇಳಿದಿರಬೇಕು, ಎಣ್ಣೆ ಬೆಳ್ಳಗೆ ತಿರುಗಿದೆ. ಲಿವರಿನ ತುದಿಗೆ ವೆಲ್ಡಿಂಗ್ ತುಂಬಿಸುವುದೆಂದು ನಿರ್ಧರಿಸಿದ್ದೇನೆ. ಎರಡನೆಯ ಗೇರ್ ಬಿಟ್ಟುಕೊಳ್ಳುವುದಕ್ಕೆ 35ರ ಫೋರ್ಕ್ ಹಾಕಬೇಕೇ ಬೇಡವೇ ಎಂಬುದನ್ನು ಹೇಗೆ ತೀರ್ಮಾನಿಸಲಿ?

ದುರಸ್ತಿ ಮಾಡುವವರು:

ಬಿಚ್ಚುವ ಮುನ್ನ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ, ಸುತ್ತ ಯಾರೂ ಇಲ್ಲದ ಜಾಗದಲ್ಲಿ ಎರಡನೆಯ ಗೇರಿನಲ್ಲಿ ಭಾರ ಎಳೆಯುತ್ತ, ಲಿವರಿನ ಮೇಲೆ ಕೈಯನ್ನು ಹಗುರವಾಗಿ ಇಟ್ಟುಕೊಳ್ಳಿ. ಲಿವರ್ ಅಂಗೈಯನ್ನು ಬಲವಾಗಿ ತಳ್ಳುತ್ತ ಹೊರಬರುತ್ತಿದ್ದರೆ ಗೇರೇ ರಾಡನ್ನು ದೂಡುತ್ತಿದೆ ಎಂದು ತಿಳಿಯಬೇಕು: ಹಲ್ಲುಗಳು ಉದ್ದಕ್ಕೂ ಸಮನಾಗಿರದೆ ತುದಿಯ ಕಡೆಗೆ ಸಣ್ಣಗಾಗಿ ಸವೆದಿರಬಹುದು, ಅಥವಾ ಬೇರಿಂಗ್ ಸವೆದು ಶಾಫ್ಟ್ ವಾಲುತ್ತಿರಬಹುದು. ಎರಡರಲ್ಲಿ ಯಾವುದಕ್ಕೂ ಫೋರ್ಕ್ ಬದಲಿಸುವುದು ಪರಿಹಾರವಲ್ಲ. ಹಾಗೆ ತಳ್ಳದೆ, ಉಬ್ಬುತಗ್ಗಿನಲ್ಲಿ ಕುಲುಕಿದಾಗ ಮಾತ್ರ ಸುಮ್ಮನೆ ಜಾರಿ ಬರುತ್ತಿದ್ದರೆ ಗುಂಡು, ಸ್ಪ್ರಿಂಗ್, ರಾಡಿನ ಗುಳಿ ಇವುಗಳ ಕಡೆ ನೋಡಬೇಕು.

ಕವರ್ ತೆರೆದ ಮೇಲೆ ಎಲ್ಲಕ್ಕಿಂತ ಮೊದಲು ಫೋರ್ಕನ್ನು ರಾಡಿಗೆ ಹಿಡಿದಿರುವ ಸ್ಕ್ರೂವನ್ನು ಅಲ್ಲಾಡಿಸಿ ನೋಡಿ. ಅದು ಸಡಿಲಗೊಂಡು ಫೋರ್ಕ್ ರಾಡಿನ ಮೇಲೆ ಸರಿದಾಡುವುದು ಬಹಳ ಟ್ರ್ಯಾಕ್ಟರುಗಳಲ್ಲಿ ಕಂಡ ಸಂಗತಿ. ಹಾಗಿದ್ದರೆ ಬಿಗಿ ಮಾಡಿ, ತಂತಿಯ ಲಾಕ್ ಇದ್ದಲ್ಲಿ, ಸ್ಕ್ರೂ ಬಿಗಿಯುವ ದಿಕ್ಕಿಗೇ ಎಳೆದಿರುವಂತೆ ಹೊಸ ತಂತಿ ಹಾಕಿದರೆ ಕೆಲಸ ಮುಗಿಯಿತು. ಸ್ಕ್ರೂ ಗಟ್ಟಿಯಾಗಿದ್ದರೆ ಗೇರನ್ನು ಎರಡನೆಯದಕ್ಕೆ ಹಾಕಿ, ಹಲ್ಲುಗಳು ಪೂರ್ತಿ ಅಗಲಕ್ಕೆ ಕೂಡುತ್ತಿವೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಕೂಡದೆ, ಫೋರ್ಕಿನ ಕಾಲು ತೆಳುವಾಗಿ ಅಥವಾ ಬಾಗಿ ಕಂಡರೆ ಮಾತ್ರ 35ರ ಫೋರ್ಕಿನ ವಿಚಾರ ಬರುತ್ತದೆ. ಆಗಲೂ ಪಾರ್ಟ್ ನಂಬರ್ ಹೊಂದಬೇಕು, ಅದರ ಕಾಲು ತಮ್ಮದಕ್ಕಿಂತ ಕಡಿಮೆ ಸವೆದಿರಬೇಕು.

ಎಣ್ಣೆ ಬೆಳ್ಳಗಾಗಿದೆ ಎಂದಿರಿ. ಅದನ್ನು ಪೂರ್ತಿ ಇಳಿಸಿ, ರಾಡುಗಳ ಮೇಲೆ ತುಕ್ಕು ಇದ್ದರೆ ತೆಗೆದು, ಹೊಸ ಬೂಟಿನ ಜೊತೆಗೇ ಹೊಸ ಎಣ್ಣೆ ತುಂಬಿಸಿ. ಈ ಟ್ರ್ಯಾಕ್ಟರಿನಲ್ಲಿ ಅದೇ ಎಣ್ಣೆ ಹೈಡ್ರಾಲಿಕ್ ಪಂಪಿಗೂ ಹೋಗುವುದರಿಂದ ನೀರು ಬೆರೆತದ್ದನ್ನು ಉಳಿಸಿಕೊಳ್ಳುವುದು ಬೇಡ. ಕವರ್ ಕೂರಿಸುವಾಗ ರಾಡುಗಳೆಲ್ಲ ನ್ಯೂಟ್ರಲ್‌ನಲ್ಲಿರಲಿ, ಲಿವರಿನ ತುದಿ ಕಚ್ಚಿಗೆ ಇಳಿದದ್ದು ಕೈಗೆ ತಿಳಿದ ಮೇಲೆಯೇ ಬೋಲ್ಟ್‌ಗಳನ್ನು ಬಿಗಿಯಿರಿ. ಎಂಜಿನ್ ಹೊರಡಿಸುವ ಮೊದಲು ಒಂದೊಂದೇ ಗೇರನ್ನು ಕೈಯಿಂದ ಹಾಕಿ ತೆಗೆದು, ಹಿಂದಿನ ಗೇರನ್ನೂ ಹೈ-ಲೋ ಎರಡನ್ನೂ ನೋಡಿ, ಕೊನೆಗೆ ಹೈ-ಲೋ ಲಿವರ್ ಹೈನಲ್ಲಿರುವಾಗಲೂ ಲೋನಲ್ಲಿರುವಾಗಲೂ ಸ್ಟಾರ್ಟರ್ ತಿರುಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆ ಪರೀಕ್ಷೆಯ ವೇಳೆ ಮುಖ್ಯ ಗೇರ್ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಒತ್ತಿರಲಿ, ತಾವು ಸೀಟಿನ ಮೇಲೆಯೇ ಕುಳಿತಿರಿ.