ಸಹಾಯ ಬೇಕು: ಆಗುಂಬೆ ಮಳೆಗೆ ವಾಟರ್‌ಪ್ರೂಫ್ ಕ್ಯಾಮೆರಾನಾ, ಸೂಪರ್‌ಜೂಮಾ?

ಜುಲೈನಲ್ಲಿ ಆಗುಂಬೆ ಕಡೆ ಕಪ್ಪೆ ಮತ್ತು ಮಂಗಟ್ಟೆ ಹಕ್ಕಿ ಎರಡನ್ನೂ ತೆಗೀಬೇಕು. ಜೇಬಲ್ಲಿ ಹಿಡಿಯೋ ಒಂದೇ ಕ್ಯಾಮೆರಾ ಬೇಕು. ವಾಟರ್‌ಪ್ರೂಫ್ ಒಲಿಂಪಸ್ ಟಿಜಿ-6, ಸೂಪರ್‌ಜೂಮ್ ಸೋನಿ ಎಚ್‌ಎಕ್ಸ್99 ಇವೆರಡರಲ್ಲಿ ಸಿಕ್ಕಿಕೊಂಡಿದ್ದೀನಿ. ಎರಡಕ್ಕೂ ಸೆನ್ಸರ್ 1/2.3 ಇಂಚು, ಎರಡರಲ್ಲೂ ರಾ ಫೈಲ್ (ಆಮೇಲೆ ತಿದ್ದೋಕೆ ಅನುಕೂಲವಾದ ಕಚ್ಚಾ ಚಿತ್ರ) ಸಿಗುತ್ತೆ.

ಕಪ್ಪೆಗಾದ್ರೆ ಟಿಜಿ-6 ಬಿಟ್ಟು ಬೇರೆ ಯೋಚನೆಯೇ ಬೇಡ: ಲೆನ್ಸಿಂದ 1 ಸೆಂ.ಮೀ.ಗೆ ಫೋಕಸ್, ಎಫ್/2 (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿಗೆ ಬೆಳಕು ಜಾಸ್ತಿ), ಲೆನ್ಸ್ ಹೊರಗೆ ಬರೋದೇ ಇಲ್ಲ. ಆದ್ರೆ ಜೂಮ್ 100 ಮಿ.ಮೀ.ಗೇ ನಿಲ್ಲುತ್ತೆ. ಜೂಮ್ ಹೆಚ್ಚಿಸೋ 1.7 ಪಟ್ಟಿನ ಟೆಲಿ ಕನ್ವರ್ಟರ್ ಲೆನ್ಸ್ ಹಾಕಿ 170 ಆದ್ರೂ, 25 ಮೀಟರ್ ದೂರದ ಮಂಗಟ್ಟೆ ಚಿತ್ರದಲ್ಲಿ ಸುಮಾರು 350 ಪಿಕ್ಸೆಲ್ ಅಷ್ಟೇ. ಜೇಬಿನ ಗಾತ್ರವೂ ಹೋಯ್ತು.

ಎಚ್‌ಎಕ್ಸ್99ರಲ್ಲಿ 720 ಮಿ.ಮೀ. ಜೂಮ್ ಇದೆ, ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಇದೆ. ಆದ್ರೆ ಜೂಮ್ ತುದೀಲಿ ಎಫ್/6.4. ಮೋಡ ಕವಿದ ಕಾಡಲ್ಲಿ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 1600ಕ್ಕೂ ಶಟರ್ 1/50 ಸೆಕೆಂಡ್ ಹತ್ರ ಇಳಿದ್ರೆ, ಕೂತ ಹಕ್ಕಿ ತಲೆ ತಿರುಗಿಸಿದ್ರೂ ಮಸುಕು. ಅದಕ್ಕಿಂತ ದೊಡ್ಡ ಭಯ ನೀರಿಂದು. ಇಂಥದ್ದೇ ಹಳೇ ಜೂಮ್ ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್, ಸಿಲಿಕಾ ಜೆಲ್ ಎಲ್ಲಾ ನೋಡಾಯ್ತು. ಜೂಮ್ ಮಾಡಿದಾಗ ಹೊರಗೆ ಚಾಚೋ ಲೆನ್ಸ್ ಕೊಳವೆ ಮೇಲಿನ ಹನಿ, ಲೆನ್ಸ್ ಮುಚ್ಚುವಾಗ ಒಳಗೇ ಹೋಗುತ್ತೆ, ಆಮೇಲೆ ಗಾಜಿನ ನಡುವೆ ಮಂಜು. ಕವರ್ ಬಿಗಿ ಮಾಡಿದ್ರೆ ಜೂಮ್ ಮೋಟರಿಗೇ ತಡೆ.

ಮಳೆಗಾಲದಲ್ಲಿ 720 ಮಿ.ಮೀ. ಜೂಮ್ ಕ್ಯಾಮೆರಾ ಬಳಸಿದವರು ಹೇಳಿ: ಆ ಬೆಳಕಲ್ಲಿ ಮಂಗಟ್ಟೆಯ ಗರಿ ವಿವರ ನಿಜವಾಗ್ಲೂ ಸಿಗುತ್ತಾ, ಕೊಳವೆಗೆ ನೀರು ಹೋಗದ ಹಾಗೆ ಏನು ಕಟ್ತೀರಿ? ಇಲ್ಲಾಂದ್ರೆ ಹಕ್ಕಿ ಕೈಬಿಟ್ಟು ಟಿಜಿ-6 ತಗೊಳ್ಳೋದೇ ಸರೀನಾ?