ಪ್ರೊಲ್ಯಾಕ್ಟಿನ್ 68 ಬಂದಿದೆ, ಎಂಆರ್‌ಐ ಮಾಡಿಸಬೇಕಾ?

ಪ್ರಶ್ನೆ (ಮಧುಗಿರಿ): ಮೇಡಂ, ನಮ್ಮ ಮನೆಯವರಿಗೆ 27 ವರ್ಷ. ಮದುವೆಯಾಗಿ ಎರಡು ವರ್ಷ, ಇನ್ನೂ ಮಕ್ಕಳಾಗಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಎದೆಹಾಲಿನ ಹಾರ್ಮೋನ್ ಅಂತಾರಲ್ಲ, ಆ ಪ್ರೊಲ್ಯಾಕ್ಟಿನ್ 68 ಬಂದಿದೆ, ರಿಪೋರ್ಟ್‌ನಲ್ಲಿ 25ರ ಒಳಗಿರಬೇಕು ಅಂತಿದೆ. ತಲೆಯಲ್ಲಿ ಗೆಡ್ಡೆ ಇರಬಹುದು, ಎಂಆರ್‌ಐ ಮಾಡಿಸಿ ಅಂತ ಮನೆಯಲ್ಲಿ ಒತ್ತಾಯ. ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟರೆ ಬೇರೇನೂ ತಗೊಳಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಹೊರಟು ತುಮಕೂರಿಗೆ ಬಂದು ಇಳಿದ ತಕ್ಷಣ ರಕ್ತ ಕೊಟ್ಟಿದ್ದು.

ಉತ್ತರ (ಹಾರ್ಮೋನ್ ತಜ್ಞೆ, ತುಮಕೂರು): ಎಂಆರ್‌ಐ ಆಮೇಲೆ ನೋಡೋಣ ಸರ್. ಮೊದಲು ಆ ಗ್ಯಾಸ್ಟ್ರಿಕ್ ಮಾತ್ರೆಯ ಸ್ಟ್ರಿಪ್ ತಿರುಗಿಸಿ, ಹಿಂದೆ ಸಣ್ಣಕ್ಷರದಲ್ಲಿರೋದನ್ನ ಓದಿ. ರಾಬೆಪ್ರಜೋಲ್ 20 ಮಿ.ಗ್ರಾಂ ಒಂದೇ ಇದ್ದರೆ ಅದರಿಂದ ಇಷ್ಟು ಏರಲ್ಲ. ಅದರ ಜೊತೆಗೆ ಲೆವೊಸಲ್ಪಿರೈಡ್ 75 ಮಿ.ಗ್ರಾಂ ಅಥವಾ ಡಾಂಪೆರಿಡೋನ್ 30 ಮಿ.ಗ್ರಾಂ ಸೇರಿದ್ದರೆ 68ಕ್ಕೆ ಅದೇ ಕಾರಣವಿರಬಹುದು.

ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ತನ್ನಷ್ಟಕ್ಕೆ ಬಿಟ್ಟರೆ ಪ್ರೊಲ್ಯಾಕ್ಟಿನ್ ಸುರಿಸ್ತಾನೇ ಇರುತ್ತೆ. ಅದರ ಮೇಲಿರೋ ಮೆದುಳಿನ ಭಾಗವಾದ ಹೈಪೊಥಾಲಮಸ್‌ನಿಂದ ಇಳಿಯುವ ಡೋಪಮಿನ್ ಎಂಬ ರಾಸಾಯನಿಕ ಅದನ್ನ ತಡೆದು ಹಿಡಿದಿರುತ್ತೆ. ಲೆವೊಸಲ್ಪಿರೈಡ್, ಡಾಂಪೆರಿಡೋನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್, ಹ್ಯಾಲೊಪೆರಿಡಾಲ್ ಎಲ್ಲವೂ ಆ ಡೋಪಮಿನ್‌ಗೆ ಅಡ್ಡ ನಿಲ್ಲುತ್ತವೆ. ರಿಸ್ಪೆರಿಡೋನ್ ಒಂದರಿಂದಲೇ 200 ದಾಟಿದ್ದೂ ಉಂಟು. ಹಾಗಂತ ಮನೋವೈದ್ಯರು ಬರೆದ ಮಾತ್ರೆಯನ್ನ ನೀವಾಗಿಯೇ ನಿಲ್ಲಿಸಬಾರದು, ಕಾಯಿಲೆ ಮರುಕಳಿಸಿದರೆ ಕಷ್ಟ. ಬೇಕಿದ್ದರೆ ಅರಿಪಿಪ್ರಜೋಲ್‌ನಂಥ ಬೇರೆ ಮಾತ್ರೆಗೆ ಅವರೇ ಬದಲಾಯಿಸ್ತಾರೆ.

ಪ್ರೊಲ್ಯಾಕ್ಟಿನ್ ಏರಿದರೆ ಹೈಪೊಥಾಲಮಸ್‌ನಲ್ಲಿ ಕಿಸ್‌ಪೆಪ್ಟಿನ್ ಎಂಬ ಸಂದೇಶ ಕುಗ್ಗುತ್ತೆ. ಅದು ಕುಗ್ಗಿದರೆ ಅಂಡಾಶಯವನ್ನ ನಡೆಸುವ ಹಾರ್ಮೋನ್‌ಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಸರಿಯಾಗಿ ಬರಲ್ಲ, ಅಂಡಾಣು ಬಿಡುಗಡೆಯಾಗಲ್ಲ, ಮುಟ್ಟು ಮುಂದೆ ಹೋಗುತ್ತೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಈಸ್ಟ್ರೊಜೆನ್ ಕಮ್ಮಿಯಾಗಿ ಮೂಳೆಯೂ ಸವೆಯುತ್ತೆ. ಗಂಡಸರಲ್ಲಿ ಇದೇ ದಾರಿಯಲ್ಲಿ ಟೆಸ್ಟೋಸ್ಟೆರೋನ್ ಇಳಿಯುತ್ತೆ. ಅವರು ನಾಚಿಕೆಗೆ ಹೇಳಲ್ಲ, ಹಾಗಾಗಿ ಗೆಡ್ಡೆ ದೊಡ್ಡದಾದ ಮೇಲೇ ಸಿಗೋದು ಹೆಚ್ಚು.

ಈಗ ಮಾಡಬೇಕಾದ್ದು: ಮೊದಲು ಮನೆಯಲ್ಲೇ ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್. ಮುಟ್ಟು ತಡವಾಗುವವರಲ್ಲಿ ಇದನ್ನ ಮರೆತು ಪ್ರೊಲ್ಯಾಕ್ಟಿನ್ ಹಿಂದೆ ಓಡೋದು ಬಹಳ. ಆಮೇಲೆ ಥೈರಾಯ್ಡ್ ನೋಡೋಕೆ ಟಿಎಸ್‌ಎಚ್, ಕಿಡ್ನಿ ನೋಡೋಕೆ ಕ್ರಿಯಾಟಿನಿನ್. ಥೈರಾಯ್ಡ್ ಕಮ್ಮಿಯಿದ್ದರೆ ಹೈಪೊಥಾಲಮಸ್‌ನ ಟಿಆರ್‌ಎಚ್ ಹಾರ್ಮೋನ್ ಏರಿ ಪ್ರೊಲ್ಯಾಕ್ಟಿನ್ನನ್ನೂ ಏರಿಸುತ್ತೆ, ಪಿಟ್ಯುಟರಿಯೇ ಊದಿಕೊಂಡು ಎಂಆರ್‌ಐನಲ್ಲಿ ಗೆಡ್ಡೆಯ ಹಾಗೆ ಕಾಣಲೂಬಹುದು. ಅದಕ್ಕೆ ಥೈರಾಕ್ಸಿನ್ ಮಾತ್ರೆ ಸಾಕು. ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳ ತೊಂದರೆ) ಇದ್ದರೂ ಸ್ವಲ್ಪ ಏರಿರಬಹುದು.

ರಕ್ತವನ್ನ ಇನ್ನೊಮ್ಮೆ ಕೊಡಿ. ಎದ್ದು ಎರಡು ಮೂರು ಗಂಟೆಯಾಗಿರಲಿ, ಯಾಕಂದ್ರೆ ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ಏರಿರುತ್ತೆ. ಬಸ್ಸಿಳಿದು ಮೆಟ್ಟಿಲು ಹತ್ತಿ ಸೀದಾ ಕೈ ಚಾಚಬೇಡಿ, ಇಪ್ಪತ್ತು ನಿಮಿಷ ಕೂತು ಸುಧಾರಿಸಿಕೊಳ್ಳಿ. ಹಿಂದಿನ ರಾತ್ರಿ ಸಂಪರ್ಕ ಬೇಡ, ಸ್ತನ ಹಿಂಡಿ ಹಾಲು ಬರ್ತಿದೆಯಾ ಅಂತ ನೋಡೋದೂ ಬೇಡ.

ಯಾವ ಕಾರಣವೂ ಸಿಗದೆ ಮತ್ತೆ ಹೆಚ್ಚೇ ಬಂದರೆ ಆಗ ಎಂಆರ್‌ಐ. ಅದೂ ಬರೀ ಮೆದುಳಿನದಲ್ಲ, ಕಾಂಟ್ರಾಸ್ಟ್ ಹಾಕಿ ಪಿಟ್ಯುಟರಿಯದು. 250 ದಾಟಿದ್ದರೆ ಸಾಮಾನ್ಯವಾಗಿ ಪ್ರೊಲ್ಯಾಕ್ಟಿನ್ ಸುರಿಸುವ ಪ್ರೊಲ್ಯಾಕ್ಟಿನೋಮಾ ಗೆಡ್ಡೆಯೇ. ತಲೆನೋವಿನ ಜೊತೆ ಪಕ್ಕದ ನೋಟ ಮಸುಕಾಗಿದ್ದರೆ ನಂಬರ್ ಎಷ್ಟೇ ಇರಲಿ, ತಡ ಮಾಡಬಾರದು. ಅವಸರದ ಎಂಆರ್‌ಐ ಯಾಕೆ ಬೇಡ ಅಂತೀನಿ ಅಂದ್ರೆ, ಏನೂ ತೊಂದರೆಯಿಲ್ಲದ ಸುಮಾರು ನೂರರಲ್ಲಿ ಹತ್ತು ಜನಕ್ಕೆ ಪಿಟ್ಯುಟರಿಯಲ್ಲಿ ಸಣ್ಣ ಚುಕ್ಕೆ ಇದ್ದೇ ಇರುತ್ತೆ. 3 ಮಿ.ಮೀ. ಚುಕ್ಕೆ ಅಂತ ರಿಪೋರ್ಟ್ ಬಂದರೆ ಮನೆಮಂದಿಯೆಲ್ಲ ನಿದ್ದೆಗೆಡ್ತಾರೆ.

ಲ್ಯಾಬ್ ಟೆಕ್ನಿಷಿಯನ್ (ತುಮಕೂರು): ಮೇಡಂ ಹೇಳಿದ್ದಕ್ಕೆ ನಮ್ಮ ಕಡೆಯಿಂದ ಒಂದಿಷ್ಟು. ಒಂದು ಲ್ಯಾಬ್‌ನಲ್ಲಿ 68, ಇನ್ನೊಂದರಲ್ಲಿ 1440 ಬಂದರೆ ಏರಿದೆ ಅಂತ ಹೆದರಬೇಡಿ, ಅಳತೆ ಬೇರೆ. ಮಿ.ಲೀ.ಗೆ 1 ನ್ಯಾನೋಗ್ರಾಂ ಅಂದರೆ ಲೀಟರಿಗೆ ಸುಮಾರು 21 ಮಿಲಿ ಯೂನಿಟ್. ಕೂದಲಿಗೆ ಅಂತ ಬಯೋಟಿನ್ 10 ಮಿ.ಗ್ರಾಂ ತಗೊಳ್ತಿದ್ದರೆ ಎರಡು ದಿನ ಮುಂಚೆ ನಿಲ್ಲಿಸಿ, ಕೆಲವು ಮಷೀನ್‌ಗಳಲ್ಲಿ ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ಎರಡೂ ಸುಳ್ಳು ಕಮ್ಮಿ ತೋರಿಸ್ತವೆ. ನಂಬರ್ ಜಾಸ್ತಿ, ಆದರೆ ಮುಟ್ಟು ಸರಿಯಾಗಿದೆ, ಹಾಲೂ ಬರ್ತಿಲ್ಲ ಅಂದರೆ ಮ್ಯಾಕ್ರೊಪ್ರೊಲ್ಯಾಕ್ಟಿನ್ ಕೇಳಿ. ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಅಂಟಿಕೊಂಡ ದೊಡ್ಡ ಕಣ ಅದು, ರಕ್ತದಲ್ಲಿ ಸುತ್ತುತ್ತೆ ಅಷ್ಟೇ, ಕೆಲಸ ಮಾಡಲ್ಲ. ಪಿಇಜಿ ಎಂಬ ರಾಸಾಯನಿಕ ಹಾಕಿ ಅದನ್ನ ತಳಕ್ಕಿಳಿಸಿ ಮತ್ತೆ ಅಳೀತಾರೆ. ಉಳಿದದ್ದು 40%ಗಿಂತ ಕಮ್ಮಿಯಿದ್ದರೆ ಮೊದಲ ನಂಬರಿನ ಬಹುಪಾಲು ಅದೇ. ಇದಕ್ಕೆ ತದ್ವಿರುದ್ಧ ಇನ್ನೊಂದು: ಎಂಆರ್‌ಐನಲ್ಲಿ ಭಾರೀ ಗೆಡ್ಡೆ, ಪ್ರೊಲ್ಯಾಕ್ಟಿನ್ ಮಾತ್ರ 60–70. ಹಾರ್ಮೋನ್ ಅತಿಯಾದರೆ ಕಿಟ್‌ನ ಎರಡೂ ಪ್ರತಿಕಾಯಗಳು ಬೇರೆ ಬೇರೆಯಾಗಿ ತುಂಬಿಹೋಗಿ ಜೋಡಿ ಕೂಡಲ್ಲ, ನಂಬರ್ ಸುಳ್ಳು ಕಮ್ಮಿ ಬರುತ್ತೆ. ಸ್ಯಾಂಪಲ್ಲನ್ನ 1:100 ತೆಳು ಮಾಡಿ ಓಡಿಸಿದರೆ ನಿಜವಾದ ಸಂಖ್ಯೆ ಸಾವಿರಗಳಲ್ಲಿ ಬರುತ್ತೆ.

ಪ್ರಶ್ನೆ (ಮಧುಗಿರಿ): ಸ್ಟ್ರಿಪ್ ನೋಡಿದೆ ಮೇಡಂ, ಲೆವೊಸಲ್ಪಿರೈಡ್ 75 ಇದೆ. ನಾಲ್ಕು ತಿಂಗಳಿಂದ ತಗೊಳ್ತಿದ್ದಾರೆ.

ಉತ್ತರ: ಬರೆದುಕೊಟ್ಟ ಡಾಕ್ಟರಿಗೆ ಹೇಳಿ ಅದಿಲ್ಲದ ಮಾತ್ರೆಗೆ ಬದಲಾಯಿಸಿಕೊಳ್ಳಿ. ಮೂರು ದಿನ ಬಿಟ್ಟರೂ ಇಳಿಯೋಕೆ ಶುರುವಾಗುತ್ತೆ, ನಾನು ಎರಡು ವಾರ ಬಿಟ್ಟು ಪರೀಕ್ಷೆ ಮಾಡಿಸ್ತೀನಿ. ಅಷ್ಟರೊಳಗೆ ನಿಮ್ಮ ವೀರ್ಯ ಪರೀಕ್ಷೆಯೂ ಆಗಿಬಿಡಲಿ ಸರ್, ಅದೊಂದನ್ನ ಎಲ್ಲರೂ ಕೊನೆಗೆ ಇಟ್ಟುಕೊಳ್ತಾರೆ.

ಪ್ರಶ್ನೆ (ತಿಪಟೂರು): ಮೇಡಂ, ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಬಯಾಪ್ಸಿಯಲ್ಲಿ ಪಿಆರ್ ಪಾಸಿಟಿವ್ ಅಂತಿತ್ತು. ಈಗ ನನ್ನ ಪ್ರೊಲ್ಯಾಕ್ಟಿನ್ 40. ನನಗೂ ಬರುತ್ತಾ? ಮಗುವಿಗೆ ಹಾಲು ಕೊಡೋದೂ ಅಪಾಯವಾ?

ಉತ್ತರ: ಆ ಪಿಆರ್ ಅಂದರೆ ಪ್ರೊಜೆಸ್ಟರೋನ್ ಗ್ರಾಹಕ (ರಿಸೆಪ್ಟರ್), ಜೀವಕೋಶದಲ್ಲಿ ಆ ಹಾರ್ಮೋನ್ ಬಂದು ಕೂರೋ ಜಾಗ ಕಣಮ್ಮ, ಪ್ರೊಲ್ಯಾಕ್ಟಿನ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರೊಲ್ಯಾಕ್ಟಿನ್‌ಗೂ ಸ್ತನದಲ್ಲಿ ತನ್ನದೇ ಗ್ರಾಹಕ ಇದೆ. ಜೀವಕೋಶದೊಳಗೆ ಜಾಕ್2, ಸ್ಟಾಟ್5 ಎಂಬ ಪ್ರೋಟೀನ್‌ಗಳ ಮೂಲಕ ಬೆಳವಣಿಗೆಯ ಸಂದೇಶ ಕಳಿಸುತ್ತೆ, ಸ್ತನದ ಅಂಗಾಂಶವೂ ಸ್ವಲ್ಪ ಪ್ರೊಲ್ಯಾಕ್ಟಿನ್ ತಯಾರಿಸಿಕೊಳ್ಳುತ್ತೆ. ಅಮೆರಿಕದ ನರ್ಸ್‌ಗಳನ್ನ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ ಪ್ರೊಲ್ಯಾಕ್ಟಿನ್ ಮೇಲ್ಮಟ್ಟದಲ್ಲಿದ್ದವರಿಗೆ, ಅದರಲ್ಲೂ ಮುಟ್ಟು ನಿಂತವರಿಗೆ, ಅಪಾಯ ಸ್ವಲ್ಪ ಹೆಚ್ಚು ಕಂಡಿತು. ಆದರೆ ಬ್ರೊಮೊಕ್ರಿಪ್ಟಿನ್ ಕೊಟ್ಟು ಪ್ರೊಲ್ಯಾಕ್ಟಿನ್ ಇಳಿಸಿದರೂ ಹರಡಿದ ಸ್ತನ ಕ್ಯಾನ್ಸರ್ ಬಗ್ಗಲಿಲ್ಲ, ಗ್ರಾಹಕವನ್ನೇ ಮುಚ್ಚುವ ಪ್ರತಿಕಾಯವೂ ಮೊದಲ ಹಂತದ ಪ್ರಯೋಗದಲ್ಲಿ ಗೆಡ್ಡೆ ಕುಗ್ಗಿಸಲಿಲ್ಲ. ಹಾಗಾಗಿ ಕ್ಯಾನ್ಸರ್ ಭಯಕ್ಕೆ ಪ್ರೊಲ್ಯಾಕ್ಟಿನ್ ಟೆಸ್ಟ್ ಮಾಡಿಸೋದು ದುಡ್ಡು ದಂಡ. ನಿಮ್ಮ ವಿಷಯದಲ್ಲಿ ತೂಕ ಇರೋದು ಅಮ್ಮನಿಗೆ ಯಾವ ವಯಸ್ಸಿನಲ್ಲಿ ಬಂತು ಅನ್ನೋದಕ್ಕೆ. ಅದನ್ನ ಹೇಳಿ ಮ್ಯಾಮೊಗ್ರಾಂ ಯಾವಾಗಿಂದ ಶುರು ಮಾಡಬೇಕು ಕೇಳಿ. ಹಾಲುಣಿಸೋದು ಅಪಾಯವಲ್ಲ, ರಕ್ಷಣೆ. 30 ದೇಶಗಳ 47 ಅಧ್ಯಯನ ಒಟ್ಟುಗೂಡಿಸಿ 2002ರಲ್ಲಿ ಬಂದ ಲೆಕ್ಕದ ಪ್ರಕಾರ ಪ್ರತಿ 12 ತಿಂಗಳ ಹಾಲುಣಿಸುವಿಕೆಗೆ ಅಪಾಯ 4.3% ಇಳಿಯುತ್ತೆ.

ಎರಡೂ ಕಡೆ ಹಿಂಡಿದಾಗ ಹಾಲಿನಂತೆ ಬಂದರೆ ಹಾರ್ಮೋನ್ ನೋಡಬೇಕು. ಒಂದೇ ಕಡೆ, ಒಂದೇ ರಂಧ್ರದಿಂದ, ತಾನಾಗಿ, ಅದರಲ್ಲೂ ರಕ್ತ ಬಂದರೆ ಸೀದಾ ಸರ್ಜನ್ ಹತ್ತಿರ ಹೋಗಿ.

ಪ್ರಶ್ನೆ (ಕುಣಿಗಲ್): ಹಾಲು ಕುಡಿಸ್ತಿರೋವಾಗ ಮತ್ತೆ ಗರ್ಭ ನಿಲ್ಲಲ್ಲ ಅಂತಾರೆ ನಮ್ಮತ್ತೆ. ನಿಜವಾ ಮೇಡಂ?

ಉತ್ತರ: ಮೂರೂ ಸೇರಿದ್ದರೆ 98% ನಿಜ: ಮಗುವಿಗೆ ಆರು ತಿಂಗಳಾಗಿರಬಾರದು, ಮುಟ್ಟು ಬಂದಿರಬಾರದು, ಬರೀ ಎದೆಹಾಲೇ ಆಗಿರಬೇಕು, ಅದೂ ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ಹೆಚ್ಚು ಬಿಡುವಿಲ್ಲದೆ. ರಾಗಿ ಸರಿ ಶುರುವಾಯ್ತು ಅಂದರೆ ಅತ್ತೆಯವರ ಮಾತು ನೆಚ್ಚಬೇಡಿ, ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಪ್ರಶ್ನೆ (ಗುಬ್ಬಿ): ಹಸು ಸೊರೆ ಬಿಡಲಿ ಅಂತ ಚುಚ್ಚೋದು ಇದೇ ಹಾರ್ಮೋನಾ?

ಉತ್ತರ: ಅಲ್ಲ, ಅದು ಆಕ್ಸಿಟೋಸಿನ್. ಕೆಚ್ಚಲಲ್ಲಿ ಆಗಲೇ ಇರೋ ಹಾಲನ್ನ ಹೊರಗೆ ತಳ್ಳೋದಷ್ಟೇ ಅದರ ಕೆಲಸ. ಹೆಚ್ಚಿನದನ್ನ ಪಶುವೈದ್ಯರನ್ನ ಕೇಳಿ.

ಪ್ರಶ್ನೆ (ಶಿರಾ): ನನ್ನ ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ). ಪ್ರೊಲ್ಯಾಕ್ಟಿನ್ ಸ್ವಲ್ಪ ಜಾಸ್ತಿ. ಅದನ್ನ ಇಳಿಸಿದರೆ ಲೂಪಸ್ ವಾಸಿಯಾಗುತ್ತಾ?

ಉತ್ತರ: ಇಲ್ಲ. ರೋಗನಿರೋಧಕ ಜೀವಕೋಶಗಳಾದ ಲಿಂಫೋಸೈಟ್‌ಗಳ ಮೇಲೆ ಇದರ ಗ್ರಾಹಕ ಇರೋದು ನಿಜ, ಅವೇ ಪ್ರೊಲ್ಯಾಕ್ಟಿನ್ ತಯಾರಿಸೋದೂ ನಿಜ. ಲೂಪಸ್ ಇರೋವರಲ್ಲಿ ಸುಮಾರು 20–30% ಜನಕ್ಕೆ ಏರಿರುತ್ತೆ, ಬ್ರೊಮೊಕ್ರಿಪ್ಟಿನ್ ಸಣ್ಣ ಪ್ರಯೋಗಗಳಲ್ಲಿ ಒಂದಿಷ್ಟು ಭರವಸೆಯನ್ನೂ ತೋರಿಸಿದೆ. ಆದರೆ ಪ್ರೊಲ್ಯಾಕ್ಟಿನ್ ಜೀನ್ ತೆಗೆದ ಇಲಿಗಳ ರೋಗನಿರೋಧಕ ವ್ಯವಸ್ಥೆ ಹೆಚ್ಚುಕಡಿಮೆ ಮಾಮೂಲಾಗೇ ಇತ್ತು. ಅದೇ ಹೆಣ್ಣಿಲಿಗಳಿಗೆ ಮರಿ ಮಾತ್ರ ಆಗಲಿಲ್ಲ. ಎಲ್ಲಿ ಇದಿಲ್ಲದೆ ನಡೆಯಲ್ಲ, ಎಲ್ಲಿ ಬರೀ ಸಹಾಯಕ ಅನ್ನೋದು ಅದರಿಂದ ಗೊತ್ತಾಗುತ್ತೆ. ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ತಪ್ಪಿಸಬೇಡಿ.

ಪ್ರಶ್ನೆ (ಕೊರಟಗೆರೆ): ನನಗೆ ಪಿಟ್ಯುಟರಿಯಲ್ಲಿ 6 ಮಿ.ಮೀ. ಪ್ರೊಲ್ಯಾಕ್ಟಿನೋಮಾ ಗೆಡ್ಡೆ, ಪ್ರೊಲ್ಯಾಕ್ಟಿನ್ ಇಳಿಸೋ ಕ್ಯಾಬರ್ಗೋಲಿನ್ ಬರೆದಿದ್ದಾರೆ. ಮೊದಲ ಮಾತ್ರೆಗೇ ತಲೆಸುತ್ತು ಬಂತು. ಬಸುರಿಯಾದರೆ ಏನು ಮಾಡೋದು?

ಉತ್ತರ: 10 ಮಿ.ಮೀ. ಒಳಗಿನದು ಸಣ್ಣ ಗೆಡ್ಡೆ, ಕ್ಯಾನ್ಸರ್ ಅಲ್ಲ, ಆಪರೇಷನ್ ಬೇಕಾಗೋದು ಅಪರೂಪ. 0.25 ಮಿ.ಗ್ರಾಂ ವಾರಕ್ಕೆರಡು ಸಲ, ರಾತ್ರಿ ಊಟದ ಜೊತೆ ತಗೊಂಡು ಮಲಗಿಬಿಡಿ, ಎದ್ದೇಳುವಾಗ ಒಂದು ನಿಮಿಷ ಮಂಚದ ಅಂಚಲ್ಲಿ ಕೂತು ಏಳಿ. ತಿಂಗಳ ನಂತರ ಪರೀಕ್ಷೆ ಮಾಡಿ ಡೋಸ್ ನಿರ್ಧರಿಸ್ತಾರೆ. ಮುಟ್ಟು ಬರೋಕೆ ಮುಂಚೆಯೇ ಗರ್ಭ ನಿಲ್ಲಬಹುದು, ಸದ್ಯಕ್ಕೆ ಬೇಡ ಅಂದರೆ ಈಗಿಂದಲೇ ಜೋಪಾನ. ಗರ್ಭ ನಿಂತದ್ದು ಖಚಿತವಾದ ದಿನವೇ ಡಾಕ್ಟರಿಗೆ ತಿಳಿಸಿ. ನಿಮ್ಮಷ್ಟು ಸಣ್ಣ ಗೆಡ್ಡೆಯಾದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸ್ತಾರೆ. ಬಸುರಿನಲ್ಲಿ ಪ್ರೊಲ್ಯಾಕ್ಟಿನ್ ಹೇಗೂ 200ರ ಆಸುಪಾಸಿಗೆ ಏರುತ್ತೆ, ಆಗ ಅಳೆದು ಪ್ರಯೋಜನವಿಲ್ಲ. ತಲೆನೋವು, ನೋಟ ಗಮನಿಸಿದರೆ ಸಾಕು.

ಇದನ್ನ ಯಾರೂ ಹೇಳಲ್ಲ, ಮನೆಯವರಿಗೂ ತಿಳಿಸಿಡಿ: ಈ ಮಾತ್ರೆ ಶುರುವಾದ ಮೇಲೆ ಆನ್‌ಲೈನ್ ರಮ್ಮಿ ಚಟ, ಕಂಡದ್ದೆಲ್ಲ ಕೊಳ್ಳೋ ಹುಚ್ಚು ಕಂಡರೆ ಅದು ಔಷಧದ ಅಡ್ಡಪರಿಣಾಮ ಇರಬಹುದು. ಬೈಯೋ ಮೊದಲು ಡಾಕ್ಟರಿಗೆ ಫೋನ್ ಮಾಡಲಿ.