ಬೋನಿಗೆ ಬಾರದ ತಾಯಿಬೆಕ್ಕು: ಒಮ್ಮೆ ತಪ್ಪಿಸಿಕೊಂಡದ್ದನ್ನು ಮತ್ತೆ ಹಿಡಿಯುವುದು ಹೇಗೆ?

ಅಟ್ಟದಮನೆ (ಮಂಗಳೂರು):
ನಮ್ಮ ಸೌದೆ ಕೊಟ್ಟಿಗೆಯಲ್ಲಿ ಮೂರು ಬಣ್ಣದ ಒಂದು ಬೀದಿಬೆಕ್ಕು ಮೂರು ಮರಿ ಹಾಕಿದೆ. ಮರಿಗಳು ಓಡಾಡ್ತಾ ಇವೆ, ಮೀನು ನೆಕ್ಕಲು ಶುರು ಮಾಡಿವೆ. ತಾಯಿ ಮಾತ್ರ ಮನುಷ್ಯರನ್ನು ಹತ್ತಿರ ಸೇರಿಸುವುದೇ ಇಲ್ಲ. ಮತ್ತೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಇಲ್ಲೇ ಬಿಡುವ ಅಂತ ಬಾಡಿಗೆಗೆ ಬೋನು ತಂದೆವು. ಒಳಗೆ ಹೋಗಿ ಹಲಗೆ ತುಳಿಯಿತು, ಆದರೆ ಬಾಗಿಲಿನ ಕೊಂಡಿ ಸರಿಯಾಗಿ ಕೂರಲಿಲ್ಲ. ತಲೆ ತೂರಿಸಿ ಹಾರಿಹೋಯಿತು. ಈಗ ಭೂತಾಯಿ, ಬಂಗುಡೆ, ಒಣ ಸಿಗಡಿ ಎಂತ ಇಟ್ಟರೂ ಬೋನಿನ ಹತ್ತಿರ ಸುಳಿಯುವುದಿಲ್ಲ. ಪಕ್ಕದ ಮನೆಯವರು ಎಲ್ಲವನ್ನೂ ಗೋಣಿಗೆ ತುಂಬಿಸಿ ಮೀನು ಮಾರ್ಕೆಟ್ ಹತ್ರ ಬಿಟ್ಟು ಬರ್ತೇವೆ ಅಂತಿದ್ದಾರೆ. ನನಗೆ ಮನಸ್ಸು ಒಪ್ಪುವುದಿಲ್ಲ. ಬೇರೆ ದಾರಿ ಉಂಟಾ?

ಕುಕ್ಕರಹಳ್ಳಿ (ಮೈಸೂರು):
ಖಂಡಿತ ಇದೆ. ಮೊದಲು ಆ ಗೋಣಿ ಮಾತು ನಿಲ್ಲಿಸಿ. ಗೊತ್ತಿಲ್ಲದ ಜಾಗದಲ್ಲಿ ಅಡಗುವ ಸಂದಿ ಎಲ್ಲಿ, ನೀರು ಎಲ್ಲಿ ಎಂದು ಅದಕ್ಕೆ ತಿಳಿಯದು, ಅಲ್ಲಿನ ಗಂಡುಬೆಕ್ಕುಗಳು ಇರಲು ಬಿಡುವುದಿಲ್ಲ. ಇತ್ತ ನಿಮ್ಮ ಕೊಟ್ಟಿಗೆಯಲ್ಲಿ ಇಲಿ ಇರುವತನಕ ಇನ್ನೊಂದು ಬೆಕ್ಕು ಬಂದೇ ಬರುತ್ತದೆ, ಅದೂ ಮರಿ ಹಾಕುತ್ತದೆ. ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತಳ್ಳಿ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂದೂ ಅವರಿಗೆ ಮೆಲ್ಲಗೆ ಹೇಳಿ.

ಇನ್ನು ಬೋನು. ಅದು ಹೆದರಿರುವುದು ಬಾಗಿಲಿನ ಸದ್ದಿಗೆ. ಎಷ್ಟು ರುಚಿಯ ಮೀನು ಬದಲಾಯಿಸಿದರೂ ಆ ಹೆದರಿಕೆ ಹೋಗದು. ಬಾಗಿಲನ್ನು ತಂತಿಯಿಂದ ಮೇಲಕ್ಕೆ ಬಿಗಿದು ಕಟ್ಟಿ, ಬೀಳಲೇಬಾರದು. ನೆಲದ ಜಾಲರಿ ಕಾಲಿಗೆ ಚುಚ್ಚುವುದರಿಂದ ಹಳೇ ಪೇಪರ್ ಹಾಸಿ, ತುಳಿಯುವ ಹಲಗೆಯೂ ಮುಚ್ಚಲಿ. ಬೇರೆಲ್ಲೂ ಊಟ ಇಡಬೇಡಿ. ದಿನಾ ಒಂದೇ ಹೊತ್ತಿಗೆ ತಟ್ಟೆಯನ್ನು ಬೋನಿನಿಂದ ಎರಡು ಮಾರು ದೂರ ಇಡಿ, ಆಮೇಲೆ ಬಾಗಿಲ ಬುಡದಲ್ಲಿ, ಆಮೇಲೆ ಒಳಗೆ, ಕೊನೆಗೆ ಹಿಂಬದಿಯ ಗೋಡೆಗೆ ಒರಗಿಸಿ. ಒಂದು ದಿನ ಹಿಂಜರಿದರೆ ತಟ್ಟೆ ಒಂದು ಹೆಜ್ಜೆ ಹಿಂದಕ್ಕೆ ಬರಲಿ. ನಮ್ಮ ಓಣಿಯ ಕಪ್ಪು ಬೆಕ್ಕಿಗೆ ಇದೇ ಬೇಕಾಯಿತು, ಅದು ವಾರಗಟ್ಟಲೆ ಕಾಯಿಸಿತು.

ಹಿಂಬದಿಗೆ ಹೋಗಿ ನಿರಾಳವಾಗಿ ಉಣ್ಣತೊಡಗಿದ ಮೇಲೆಯೇ ವೆಟ್ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ. ಹಿಂದಿನ ಹೊತ್ತಿನ ಊಟ ತಪ್ಪಿಸಿ, ನೀರು ತಪ್ಪಿಸಬೇಡಿ. ಕೊಂಡಿಯನ್ನು ಖಾಲಿ ಬೋನಿನಲ್ಲಿ ಬೀಳಿಸಿ, ಒಳಗಿನಿಂದ ಕೈಯಲ್ಲಿ ಜೋರಾಗಿ ತಳ್ಳಿ ಪರೀಕ್ಷಿಸಿ. ಬೆಕ್ಕು ಬಿದ್ದ ಕ್ಷಣವೇ ಇಡೀ ಬೋನಿಗೆ ದಪ್ಪ ಬಟ್ಟೆ ಹೊದಿಸಿ, ಕತ್ತಲಾದರೆ ಒದ್ದಾಟ ಕಡಿಮೆಯಾಗುತ್ತದೆ. ಬೋನು ಹಾಕಿಟ್ಟು ಮಲಗಲು ಹೋಗುವುದು ಮಾತ್ರ ಬೇಡವೇ ಬೇಡ.

ತೀರಾ ಆಗದಿದ್ದರೆ ಮರಿಗಳನ್ನು ಗಾಳಿಯಾಡುವ ಬುಟ್ಟಿಯಲ್ಲಿಟ್ಟು ಬೋನಿನ ಹಿಂಬದಿಗೆ ತಾಗಿಸಿ. ಬೋನಿನ ಬಾಗಿಲೊಂದನ್ನು ಬಿಟ್ಟು ಎರಡಕ್ಕೂ ಸೇರಿಸಿ ಒಂದೇ ಬಟ್ಟೆ ಹೊದಿಸಿ. ಮರಿಗಳ ಕೂಗಿಗೆ ತಾಯಿ ಒಳಗೆ ಬರುತ್ತದೆ.

ಅಟ್ಟದಮನೆ:
ತುಂಬ ಉಪಕಾರ ಸರ್, ಇವತ್ತೇ ತಂತಿ ಕಟ್ಟಿದೆ. ಇನ್ನೂ ಎರಡು ಪ್ರಶ್ನೆ. ಒಂದು ಮರಿಗೆ ಕಣ್ಣು ಅಂಟಿಕೊಂಡಿದೆ, ಸೀನ್ತದೆ. ಹಾಲುಣಿಸುವ ತಾಯಿಗೆ ಆಪರೇಷನ್ ಮಾಡಿಸಬಹುದಾ? ಕೊಟ್ಟಿಗೆ ವಾಸನೆಗೆ ಅಮ್ಮ ಫಿನಾಯಿಲ್ ಹಾಕುವ ಅಂತಿದ್ದಾರೆ, ಅದು ಪರವಾಗಿಲ್ವಾ?

ತುಂಗೆಯ ವೆಟ್ (ಶಿವಮೊಗ್ಗ):
ಫಿನಾಯಿಲ್ ಬೇಡ ಅಂತ ಅಮ್ಮನವರಿಗೆ ಹೇಳಿ. ಬೆಕ್ಕು ಕಾಲಿಗೆ ಅಂಟಿದ್ದನ್ನು ನೆಕ್ಕಿಕೊಳ್ಳುತ್ತದೆ, ಅಂಥ ರಾಸಾಯನಿಕವನ್ನು ಅದರ ಯಕೃತ್ತು ಅರಗಿಸಲಾರದು. ಬಿಸಿನೀರು, ಸೋಪು ಸಾಕು. ಜ್ವರ ಅಂತ ಪ್ಯಾರಾಸಿಟಮಾಲ್ ಚೂರು ಕೊಡುವವರನ್ನು ನೋಡಿದ್ದೇನೆ, ಅದು ಬೆಕ್ಕಿನ ಪ್ರಾಣವನ್ನೇ ತೆಗೆಯುತ್ತದೆ. ನಾಯಿಗೆ ಹಚ್ಚುವ ಉಣ್ಣಿಯ ಔಷಧಿಯೂ ಅಷ್ಟೇ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಹತ್ತಿರವೂ ತರಬೇಡಿ.

ಮರಿಯ ಕಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪ್ರತಿ ಕಣ್ಣಿಗೆ ಹೊಸ ಹತ್ತಿ. ಮನೆಯಲ್ಲಿ ಉಳಿದ ಯಾವ ಡ್ರಾಪ್ಸೂ ಹಾಕಬೇಡಿ, ಸ್ಟೆರಾಯ್ಡ್ ಇದ್ದರೆ ಕಣ್ಣಿನ ಹುಣ್ಣು ಹೆಚ್ಚುತ್ತದೆ. ಸೀನು ಇರುವುದರಿಂದ ತಡಮಾಡದೆ ವೈದ್ಯರಿಗೆ ತೋರಿಸಿ.

ತಾಯಿಯ ವಿಷಯ. ಹಾಲುಣಿಸುತ್ತಿದೆ ಅಂತ ಗರ್ಭ ಕಟ್ಟುವುದಿಲ್ಲ ಅಂದುಕೊಳ್ಳಬೇಡಿ, ಮರಿ ಇರುವಾಗಲೇ ಬೆದೆಗೆ ಬರಬಹುದು. ಗರ್ಭಾವಧಿ 63ರಿಂದ 65 ದಿನ, ಹಾಗಾಗಿ ತಡಮಾಡಿದಷ್ಟೂ ಕಷ್ಟ. ಮರಿಗಳು ಗಟ್ಟಿ ತಿನ್ನಲು ಕಲಿತ ಮೇಲೆ ಮಾಡಿಸಿ, ಹಾಲುಣಿಸುವ ತಾಯಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ. ಕೆಚ್ಚಲು ತುಂಬಿರುವುದರಿಂದ ಪಕ್ಕೆಯಲ್ಲಿ ಕೊಯ್ಯುವುದು ಅನುಕೂಲ. ಆಪರೇಷನ್ ಆದ ಮೇಲೂ ಹಾಲು ಇರುತ್ತದೆ. ಅರಿವಳಿಕೆಯಲ್ಲಿರುವಾಗಲೇ, ಆಪರೇಷನ್ ಆದ ಗುರುತಿಗೆ, ಎಡಗಿವಿಯ ತುದಿ ಸುಮಾರು 1 ಸೆಂ.ಮೀ. ಕತ್ತರಿಸಲು ಹೇಳಿ, ಇಲ್ಲದಿದ್ದರೆ ಮುಂದೆ ಯಾರಾದರೂ ಮತ್ತೆ ಹಿಡಿದು ಅದೇ ಹೊಟ್ಟೆ ಕೊಯ್ಸುತ್ತಾರೆ.

ಮರಿಗಳನ್ನು ಮನೆಯವರ ಕೈಗೆ ಒಗ್ಗಿಸಬೇಕಾದದ್ದು ಈಗಲೇ. ಸುಮಾರು ಏಳೆಂಟು ವಾರ ದಾಟಿದರೆ ತುಂಬ ಕಷ್ಟ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ತಾಯಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ರೇಬೀಸ್ ಲಸಿಕೆಗೆ ಹೋಗಿ.

ಅಟ್ಟದಮನೆ:
ಬೋನಿಗೆ ಬಂತು! ಹಿಂಬದಿಗೆ ಹೋಗಿ ಉಣ್ಣುವ ಅಭ್ಯಾಸ ಆಗಿತ್ತು, ಇವತ್ತು ತಂತಿ ಬಿಚ್ಚಿದೆ. ಬಟ್ಟೆ ಹೊದಿಸಿದ ಕೂಡಲೇ ಸುಮ್ಮನಾಯಿತು. ಈಗ ಆಸ್ಪತ್ರೆಗೆ ಹೊರಟಿದ್ದೇವೆ. ತಂದ ಮೇಲೆ ಎಷ್ಟು ಹೊತ್ತು ಒಳಗೇ ಇಡಬೇಕು?

ತುಂಗೆಯ ವೆಟ್:
ಒಳ್ಳೆಯ ಕೆಲಸ ಮಾಡಿದಿರಿ. ಪೂರ್ತಿ ಎಚ್ಚರವಾಗಿ ಹೆಜ್ಜೆ ಸ್ಥಿರವಾಗುವವರೆಗೆ ಬೋನಿನಲ್ಲೇ, ಬೆಚ್ಚಗೆ. ಒಂದು ರಾತ್ರಿ ಇಟ್ಟುಕೊಂಡರೆ ಸಾಕು, ರಕ್ತಸ್ರಾವವಿಲ್ಲದಿದ್ದರೆ ಬೆಳಿಗ್ಗೆ ಅದೇ ಕೊಟ್ಟಿಗೆಯಲ್ಲಿ ಬಿಡಿ. ಹೊಲಿಗೆ ಕರಗುವ ದಾರದ್ದೇ ಎಂದು ಡಾಕ್ಟರನ್ನು ಈಗಲೇ ಕೇಳಿ. ಬಿಚ್ಚಿಸಲು ಮತ್ತೆ ಹಿಡಿಯಲು ಆಗದು.